ಎಲ್ಲ ತಪ್ಪೂ ಮಳೆಯದೇ ಅಂತೆ

ಕೊಡಗಿನಲ್ಲಿ ರಿಪೇರಿ ಅಂಗಡಿ ತೆರೆಯುವವರು ಒಂದೇ ಒಂದು ವಾಕ್ಯ ಕಲಿತರೆ ಸಾಕು: "ಶೀತ ಹಿಡಿದಿದೆ ಸಾರ್." ಮಿಕ್ಸಿ ಕೆಟ್ಟರೂ ಶೀತ, ಟಿವಿ ಕೆಟ್ಟರೂ ಶೀತ, ಈಗ ನನ್ನ ಕಂಪ್ಯೂಟರಿಗೂ ಶೀತ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಮಾತು ಕೇಳಿ ಕೇಳಿ ನನಗೇ ಜ್ವರ ಬರುವುದೊಂದು ಬಾಕಿ.

ಮಾದಾಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಕೆಲಸದವರ ಹಾಜರಿ, ಗೊಬ್ಬರದ ಖರ್ಚು, ಕರಿಮೆಣಸು ಮಾರಿದ ಲೆಕ್ಕ ಎಲ್ಲವೂ ಮನೆಯ ಕಂಪ್ಯೂಟರಿನಲ್ಲಿ. ಜೂನ್ ಮೊದಲ ವಾರದಿಂದ ಅದು ಕೆಲಸದ ನಡುವೆ ಫಕ್ಕನೆ ಆರಿಹೋಗತೊಡಗಿತು. ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ, ಯಾರೋ ಹಿಂದಿನಿಂದ ಬಂದು ವೈರ್ ಕಿತ್ತ ಹಾಗೆ. ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ಅರ್ಧ ಗಂಟೆಗೆ. ಬಟವಾಡೆಯ ದಿನ ಜಗಲಿಯಲ್ಲಿ ಹದಿನಾಲ್ಕು ಜನ ಕೊಡೆ ಮಡಚಿ ಹಿಡಿದು ನಿಂತಿದ್ದಾರೆ, ಒಳಗೆ ನಾನು ಅದೇ ಲೆಕ್ಕವನ್ನು ನಾಲ್ಕನೇ ಸಲ ಕೂಡುತ್ತಿದ್ದೇನೆ. ಕೊನೆಗೆ ಅಮ್ಮ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲ್‌ನಲ್ಲಿ ಕೂಡಿ ಕೊಟ್ಟರು. ಅವರ ಲೆಕ್ಕ ನನ್ನದಕ್ಕಿಂತ ಸರಿಯಾಗಿತ್ತು ಎನ್ನುವುದು ಬೇರೆ ಮಾತು.

ಮೊದಲು ನಾನೂ ಕರೆಂಟನ್ನೇ ಬೈದೆ. ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದು ಮೂರು ದಿನ ಕತ್ತಲಲ್ಲಿ ಕೂರುವುದು ನಮಗೇನೂ ಹೊಸದಲ್ಲ. ಆದರೆ ಕಂಪ್ಯೂಟರ್ ಆರಿದಾಗಲೆಲ್ಲ ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಉರಿಯುತ್ತಲೇ ಇರುತ್ತಿತ್ತು. ಅದೇ ಯುಪಿಎಸ್‌ಗೆ ಸಿಕ್ಕಿಸಿದ ಮಾನಿಟರ್ ಆರಾಮವಾಗಿ 'ಸಿಗ್ನಲ್ ಇಲ್ಲ' ಎಂದು ತೋರಿಸುತ್ತಿತ್ತು. ಕರೆಂಟಿಗೆ ಸಿಪಿಯು ಡಬ್ಬದ ಮೇಲೆ ಮಾತ್ರ ಏನು ದ್ವೇಷ? ಇದನ್ನು ಅಂಗಡಿಯಲ್ಲಿ ಹೇಳಿದೆ. ಹುಡುಗ ತಲೆಯಾಡಿಸಿ, "ವೋಲ್ಟೇಜ್ ಸಾರ್, ನಿಮ್ಮ ಕಡೆ ವೋಲ್ಟೇಜೇ ಸರಿ ಇಲ್ಲ" ಎಂದ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಅವನ ಕಿವಿಗೆ ಬಿದ್ದಿರಲಿಲ್ಲ.

ಮೊದಲ ಸಲ ರ‍್ಯಾಮ್ ಬದಲಿಸಿದರು, 1,400 ರೂಪಾಯಿ. ಎರಡನೇ ಸಲ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್, 1,100 ರೂಪಾಯಿ. ಮೂರನೇ ಸಲ ಫಾರ್ಮ್ಯಾಟ್, 500 ರೂಪಾಯಿ. ಪ್ರತಿ ಸಲವೂ ಜೀಪಿನ ಹಿಂದಿನ ಸೀಟಿನಲ್ಲಿ ಅದನ್ನು ಕಂಬಳಿಯಲ್ಲಿ ಸುತ್ತಿ, ಮಗುವಿನ ಹಾಗೆ ಪೇಟೆಗೆ ಒಯ್ಯುವ ಕೆಲಸ ನನ್ನದು. ಪ್ರತಿ ಸಲವೂ ಅದೇ ಉತ್ತರ: "ನಮ್ಮಲ್ಲಿ ಬೆಳಗಿನಿಂದ ಓಡುತ್ತಿದೆ ಸಾರ್, ಒಮ್ಮೆಯೂ ಆಫ್ ಆಗಲಿಲ್ಲ." ನಿಜವೇ. ನನ್ನ ಕಣ್ಣೆದುರೇ ಮೇಜಿನ ಮೇಲೆ ಮಲಗಿಕೊಂಡು ಎರಡು ಗಂಟೆ ಓಡಿತು. ಮನೆಗೆ ತಂದು ಮೇಜಿನ ಪಕ್ಕ ನಿಲ್ಲಿಸಿದರೆ ಕಾಫಿ ಆರುವ ಮೊದಲೇ ಕಂಪ್ಯೂಟರ್ ಆರುತ್ತಿತ್ತು. ಜಿಗಣೆಯಾದರೂ ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರಿ ಬೀಳುತ್ತದೆ.

ಫಾರ್ಮ್ಯಾಟ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಹೊಟ್ಟೆ ಉರಿಯುವುದು ಅಲ್ಲಿಯೇ. "ಡಿ ಡ್ರೈವ್ ಮುಟ್ಟಬೇಡಿ" ಎಂದು ಎರಡು ಸಲ ಹೇಳಿದ್ದೆ, ಒಂದು ಚೀಟಿ ಬರೆದು ಡಬ್ಬಕ್ಕೆ ಅಂಟಿಸಿಯೂ ಇದ್ದೆ. ಚೀಟಿ ಹಾಗೆಯೇ ವಾಪಸು ಬಂತು, ಡಿ ಡ್ರೈವ್ ಬರಲಿಲ್ಲ. ಅದರಲ್ಲಿ ನಮ್ಮ ಮಳೆ ಲೆಕ್ಕ ಇತ್ತು. ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ದಿನಾ ಬೆಳಗ್ಗೆ ಅಂಗಳದ ಮಳೆಮಾಪಕದ ನೀರು ಅಳೆದು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡುತ್ತೇವೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು, ಅದಾದ ಎಷ್ಟನೇ ದಿನಕ್ಕೆ ಎರಡನೇ ಮಳೆ ಬಂತು ಎನ್ನುವುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ಅಪ್ಪ ಇದ್ದಷ್ಟು ದಿನ ಪುಸ್ತಕದಲ್ಲಿ ಬರೆದರು, 2014ರಿಂದ ನಾನು ಕಂಪ್ಯೂಟರಿಗೆ ಹಾಕುತ್ತಾ ಬಂದೆ. 2018ರ ಆಗಸ್ಟ್ ಅದರೊಳಗಿತ್ತು. ಗುಡ್ಡಗಳು ಜರಿದು ರಸ್ತೆಯೇ ಇಲ್ಲವಾದ ಆ ವಾರವೂ ಟಾರ್ಚ್ ಹಿಡಿದು ಅಂಗಳಕ್ಕೆ ಹೋಗಿ ಅಳೆದಿದ್ದೆ, ಒಂದು ದಿನವೂ ಬಿಟ್ಟಿರಲಿಲ್ಲ. ಅಪ್ಪನ ಪುಸ್ತಕಗಳಿಗೆ ಬೂಷ್ಟು ಹಿಡಿದಿದೆ, ಆದರೂ ಓದಬಹುದು. ಪೆನ್‌ಡ್ರೈವ್‌ಗೆ ಕೊನೆಯ ಸಲ ನಕಲು ಮಾಡಿದ್ದು 2016ರಲ್ಲಿ. ಅದು ನನ್ನ ತಪ್ಪು, ಒಪ್ಪುತ್ತೇನೆ, ಆದರೆ ಇವತ್ತು ಅದರ ಬಗ್ಗೆ ಬುದ್ಧಿ ಹೇಳಲು ಯಾರೂ ಬರಬೇಡಿ.

ಕೇಳಿದರೆ ಆ ಹುಡುಗ, "ವೈರಸ್ ಇದ್ದರೆ ಪೂರ್ತಿ ಒರೆಸಲೇಬೇಕು ಸಾರ್" ಎಂದ. ವೈರಸ್ ಎಂದು ಯಾರು ನೋಡಿದರು? ಕಾಂಡಕೊರಕ ಹೊಕ್ಕ ಗಿಡಕ್ಕೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆದ ಹಾಗಾಯಿತು. ಹುಳ ಒಳಗೆ ಕೊರೆಯುತ್ತಲೇ ಇದೆ, ಎಲೆ ಮಾತ್ರ ನೀಲಿ.

ಕೊನೆಗೆ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಬೈಯಲಿಲ್ಲ, ನಗಲೂ ಇಲ್ಲ. "ಮಾವ, ಈವೆಂಟ್ ವ್ಯೂವರ್ ತೆಗೆಯಿರಿ" ಎಂದ. ತನಗೆ ಏನೇನಾಯಿತೆಂದು ಕಂಪ್ಯೂಟರ್ ತಾನೇ ಬರೆದಿಡುವ ದಿನಚರಿಯಂತೆ ಅದು. ತೆಗೆದರೆ ಸಾಲು ಸಾಲಾಗಿ ಕೆಂಪು ಗುರುತು: ಕರ್ನಲ್-ಪವರ್, 41. ಕಾರಣ ಸಿಕ್ಕಿತು ಎಂದು ಖುಷಿಪಟ್ಟು ಓದಿದರೆ, 'ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ' ಎಂದಷ್ಟೇ ಇದೆ. ಅದು ನನಗೆ ಗೊತ್ತಿಲ್ಲವೇ? ಹೆಣದ ಮುಂದೆ ನಿಂತು 'ಈತ ಸತ್ತಿದ್ದಾನೆ' ಎಂದು ಪಂಚನಾಮೆ ಬರೆದಂತಿತ್ತು. ಆದರೆ ಅಕ್ಕನ ಮಗ ಬಿಡಲಿಲ್ಲ, ವಿವರದಲ್ಲಿ ಬಗ್‌ಚೆಕ್ ಕೋಡ್ ಎಷ್ಟಿದೆ ನೋಡಲು ಹೇಳಿದ. ಎಲ್ಲದರಲ್ಲೂ ಸೊನ್ನೆ. ಅಂದರೆ ವಿಂಡೋಸ್ ಕುಸಿದು ಬಿದ್ದ ದಾಖಲೆಯೇ ಇಲ್ಲ, ಹೆಚ್ಚಾಗಿ ಅದರ ಕಾಲಡಿಯ ಕರೆಂಟೇ ಹೋಗಿದೆ. ಫಾರ್ಮ್ಯಾಟ್ ಮಾಡುವ ಮೊದಲು ಇದನ್ನು ನೋಡಲು ಎರಡು ನಿಮಿಷ ಸಾಕಿತ್ತು.

ಆಮೇಲೆ ಬಯಾಸ್‌ಗೆ ಹೋಗಿ ಸುಮ್ಮನೆ ಕೂರಲು ಹೇಳಿದ. ಅದು ಯಂತ್ರದ ಸ್ವಂತ ಸೆಟ್ಟಿಂಗ್ ಪರದೆ, ಅಲ್ಲಿ ವಿಂಡೋಸ್ ಇನ್ನೂ ಶುರುವಾಗಿಯೇ ಇರುವುದಿಲ್ಲ. ಅಲ್ಲಿಯೂ ಆರಿದರೆ ತಪ್ಪು ಯಂತ್ರದ್ದೇ. ಕೂತೆ. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಉಷ್ಣಾಂಶ: 58. ನೋಡುತ್ತಿದ್ದಂತೆ 71. ಅಡುಗೆಮನೆಯಿಂದ ಹೆಂಡತಿ ಏನೋ ಕೇಳಿದಳು, ಉತ್ತರ ಕೊಟ್ಟು ತಿರುಗಿದರೆ 89. ಆಮೇಲೆ 98. ಅದರ ಮುಂದಿನ ಅಂಕಿ ನನಗೆ ಕಾಣಲಿಲ್ಲ, ಪರದೆ ಕಪ್ಪಾಗಿತ್ತು. ಸುಟ್ಟುಹೋಗದಿರಲೆಂದು ಅದು ತಾನೇ ಆರಿಕೊಳ್ಳುತ್ತಿತ್ತು. ಮನೆಯವರೆಲ್ಲ ಸ್ವೆಟರ್ ಹಾಕಿಕೊಂಡು ಒಲೆಯ ಮುಂದೆ ಕೂರುವ ಆಗಸ್ಟ್ ತಿಂಗಳಲ್ಲಿ, ನಮ್ಮ ಕಂಪ್ಯೂಟರ್ ಸಾಯುತ್ತಿದ್ದದ್ದು ಶೀತದಿಂದಲ್ಲ, ಸೆಕೆಯಿಂದ!

ಪಕ್ಕದ ತಗಡು ಬಿಚ್ಚಿದೆ. ಪ್ರೊಸೆಸರಿನ ಮೇಲೆ ಫ್ಯಾನ್, ಅದರಡಿ ಶಾಖ ಹೀರುವ ಅಲ್ಯೂಮಿನಿಯಂ ಗಟ್ಟಿ, ಅದನ್ನು ಬೋರ್ಡಿಗೆ ಹಿಡಿದಿಡಲು ನಾಲ್ಕು ಮೂಲೆಗೆ ನಾಲ್ಕು ಪ್ಲಾಸ್ಟಿಕ್ ಕಾಲುಗಳು. ಮೂರು ಒಳಗೆ ಕೂತಿದ್ದವು. ಮೇಲಿನ ಎಡಗಡೆಯದ್ದು ಅರ್ಧ ಹೊರಗೆ. ಬೆರಳಿನಿಂದ ಮುಟ್ಟಿದರೆ ಇಡೀ ಗಟ್ಟಿ ಸಡಿಲು ಹಲ್ಲಿನ ಹಾಗೆ ಅಲ್ಲಾಡಿತು. ಆಗ ಹೊಳೆಯಿತು. ಅಂಗಡಿಯಲ್ಲಿ ಡಬ್ಬವನ್ನು ಮಲಗಿಸುತ್ತಾರೆ, ಗಟ್ಟಿ ತನ್ನ ಭಾರಕ್ಕೆ ತಾನೇ ಪ್ರೊಸೆಸರಿನ ಮೇಲೆ ಕೂರುತ್ತದೆ, ದಿನವಿಡೀ ಓಡುತ್ತದೆ. ಮನೆಯಲ್ಲಿ ನಿಲ್ಲಿಸುತ್ತೇವೆ, ಅದು ಮುಂದಕ್ಕೆ ಜೋತು ಮೇಲ್ಗಡೆ ಸಂದು ಬಿಡುತ್ತದೆ, ಶಾಖ ದಾಟುವುದಿಲ್ಲ. ಮೂರು ಸಲ ಒಳಗೆ ಕೈ ಹಾಕಿದವರಿಗೆ, ಎರಡು ಸಲ ಬಿಡಿಭಾಗ ಬದಲಿಸಿದವರಿಗೆ, ಈ ಕಾಲು ಕಾಣಲಿಲ್ಲವೇ? ಮೇ ತಿಂಗಳಲ್ಲಿ ಧೂಳು ತೆಗೆಸಲೆಂದು ಅದೇ ಅಂಗಡಿಗೆ ಕೊಟ್ಟಿದ್ದೆ. ಫ್ಯಾನ್ ಬಿಚ್ಚಿ ಮತ್ತೆ ಕೂರಿಸಿದವರು ಯಾರೆಂದು ನಾನು ಹೇಳಬೇಕಾಗಿಲ್ಲ. ಮಳೆಯೂ ಆಗಲೇ ಶುರುವಾಗಿದ್ದು ಅವರ ಅದೃಷ್ಟ.

ಪ್ರೊಸೆಸರಿಗೂ ಗಟ್ಟಿಗೂ ನಡುವೆ ಶಾಖ ದಾಟಿಸುವ, ಒಣಗಿ ಸುಣ್ಣದಂತಾಗಿದ್ದ ಹಳೆಯ ಪೇಸ್ಟ್ ಒರೆಸಿ, 150 ರೂಪಾಯಿಯ ಹೊಸ ಪೇಸ್ಟನ್ನು ಕಡಲೆಕಾಳಿನಷ್ಟು ಇಟ್ಟು, ಕಾಲನ್ನು 'ಟಕ್' ಎನ್ನುವವರೆಗೆ ಒತ್ತಿದೆ. ಈಗ ಬಯಾಸ್‌ನಲ್ಲಿ ಎಷ್ಟು ಹೊತ್ತು ಬಿಟ್ಟರೂ 42ರಿಂದ ಮೇಲೆ ಹೋಗುವುದಿಲ್ಲ. ಒಂಬತ್ತು ದಿನವಾಯಿತು, ಒಮ್ಮೆಯೂ ಆರಿಲ್ಲ. ಹೊರಗೆ ಮಳೆ ಸುರಿಯುತ್ತಲೇ ಇದೆ.

ನಿನ್ನೆ ಅಂಗಡಿಗೆ ಫೋನ್ ಮಾಡಿದೆ. ಕೂಗಾಡಬೇಕೆಂದೇ ಮಾಡಿದ್ದು, ಆದರೆ ಅವನು "ಹೇಳಿ ಸಾರ್" ಎಂದ ಧಾಟಿಗೇ ಅರ್ಧ ಸಿಟ್ಟು ಗಂಟಲಲ್ಲಿ ಸಿಕ್ಕಿಕೊಂಡಿತು. ಕಾಲಿನ ಕಥೆ ಹೇಳಿದೆ. "ಹೌದಾ ಸಾರ್, ಜೀಪಿನಲ್ಲಿ ಕುಲುಕಿ ಬಿಚ್ಚಿಕೊಂಡಿರಬೇಕು" ಎಂದ. ಸರಿಯಪ್ಪ, ನನ್ನ ಹಳೆಯ ರ‍್ಯಾಮ್, ಹಳೆಯ ಎಸ್‌ಎಂಪಿಎಸ್ ಎರಡೂ ಚೆನ್ನಾಗಿಯೇ ಇದ್ದವಲ್ಲ, ಅವನ್ನಾದರೂ ವಾಪಸು ಕೊಡು ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹುಡುಕಿ ಇಡುತ್ತೇನೆ ಸಾರ್, ಗೋಡೌನ್ ಎಲ್ಲ ಸೋರುತ್ತಿದೆ, ಮಳೆ ನಿಂತ ಮೇಲೆ ಬನ್ನಿ" ಎಂದ.