ಸತ್ಯಾಂಶ: ಬಳಸಿದ ಮಾಕ್ಸ್ ಇಂಧನ ಎಲ್ಲಿ ಹೋಗುತ್ತದೆ?

‘ಫ್ರಾನ್ಸಿನಲ್ಲಿ ಅಣುತ್ಯಾಜ್ಯವೇ ಇಲ್ಲ, ಎಲ್ಲವನ್ನೂ ಮತ್ತೆ ಮತ್ತೆ ಉರಿಸುತ್ತಾರೆ’ ಎಂಬ ಸಂದೇಶ ಆಗಾಗ ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಇದು ಅರ್ಧ ನಿಜ, ಹಾಗಾಗಿಯೇ ನಂಬುವಂತಿದೆ.

ನಾರ್ಮಂಡಿಯ ಲಾ ಹಾಗ್ ಮರುಸಂಸ್ಕರಣಾ ಘಟಕದಲ್ಲಿ ಬಳಸಿದ ಯುರೇನಿಯಂ ಇಂಧನದಿಂದ ಸುಮಾರು ಶೇ 1ರಷ್ಟಿರುವ ಪ್ಲುಟೋನಿಯಂ ಬೇರ್ಪಡಿಸುತ್ತಾರೆ. ಅದನ್ನು ಯುರೇನಿಯಂ ಆಕ್ಸೈಡ್ ಜತೆ ಬೆರೆಸಿದರೆ ‘ಮಾಕ್ಸ್’ ಇಂಧನ. ಶೇ 4ರಷ್ಟು ವಿದಳನ ಉತ್ಪನ್ನಗಳು (ಪರಮಾಣು ಒಡೆದಾಗ ಉಳಿಯುವ ಚೂರುಗಳು) ಮಾತ್ರ ಗಾಜಿನೊಳಗೆ ಸೇರಿ ಸ್ಟೀಲ್ ಡಬ್ಬಿಗೆ ಹೋಗುತ್ತವೆ, ಅದು ತ್ಯಾಜ್ಯವೇ.

ಮಾಕ್ಸ್ ಉರಿದ ಮೇಲೆ? ಈಗಿನ ರಿಯಾಕ್ಟರ್‌ಗಳಲ್ಲಿ ವಾಡಿಕೆಯಂತೆ ಒಂದೇ ಸುತ್ತು. ಹೊರಬರುವ ಪ್ಲುಟೋನಿಯಂನಲ್ಲಿ ಸುಲಭವಾಗಿ ಒಡೆಯದ ಪ್ಲುಟೋನಿಯಂ-240, 242 ಬಗೆಗಳ ಪಾಲು ಹೆಚ್ಚು. ಬಿಸಿ ಹೊಮ್ಮಿಸುವ ವಿಕಿರಣಶೀಲ ಧಾತುಗಳಾದ ಕ್ಯೂರಿಯಂ, ಅಮೆರಿಸಿಯಂ ಕೂಡ ಜಾಸ್ತಿ. ಸುಮಾರು 14 ವರ್ಷಕ್ಕೆ ಅರ್ಧದಷ್ಟು ಪ್ಲುಟೋನಿಯಂ-241 ಅಮೆರಿಸಿಯಂ-241 ಆಗುತ್ತದೆ. ಈ ಅಮೆರಿಸಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 432 ವರ್ಷ. ಬೂದಿ ಮುಚ್ಚಿದ ಕೆಂಡದ ಹಾಗೆ ಬಿಸಿ ಬೇಗ ಇಳಿಯದು, ದಶಕಗಟ್ಟಲೆ ನೀರಿನ ಕೊಳದಲ್ಲೇ ಇರಬೇಕು.

ಇಂಥ ಸಂದೇಶ ಬಂದರೆ ‘ಎಷ್ಟು ಸಲ? ಆಮೇಲೆ ಎಲ್ಲಿ?’ ಎಂದು ಕೇಳಿ ನೋಡಿ. ಫ್ರಾನ್ಸಿನ ವಿಕಿರಣಶೀಲ ವಸ್ತು ಹಾಗೂ ತ್ಯಾಜ್ಯಗಳ ರಾಷ್ಟ್ರೀಯ ದಾಸ್ತಾನು ಪಟ್ಟಿ ಅಂತರ್ಜಾಲದಲ್ಲೇ ಸಿಗುತ್ತದೆ, ಬಳಸಿದ ಮಾಕ್ಸ್‌ನ ಲೆಕ್ಕ ಅದರಲ್ಲಿ ಪ್ರತ್ಯೇಕವಾಗಿದೆ. ಅದನ್ನು ‘ತ್ಯಾಜ್ಯ’ ಎನ್ನದೆ, ಮುಂದೆಂದೋ ಬಳಸಬಹುದಾದ ‘ವಸ್ತು’ ಎಂದು ಬರೆದಿದ್ದಾರೆ. ಗೊಂದಲದ ಬೇರು ಬಹುಶಃ ಇಲ್ಲೇ.