ಟವರ್ ಮಲಗಬಹುದು, ನಾವು ಬಿಟ್ಟು ಹೋಗುವ ಹಾಗಿಲ್ಲ

ಮೊನ್ನೆ ಶಿರಸಿಗೆ ಹೋಗಿ ಮೊಬೈಲ್ ಕಂಪನಿಗೆ 3,540 ರೂಪಾಯಿ ಕಟ್ಟಿ ಬಂದೆ. ಏನೂ ತಗೊಂಡಿದ್ದಕ್ಕಲ್ಲ. ನಿಮ್ಮ ಸಹವಾಸ ಸಾಕು, ಬಿಡ್ತೀನಿ ಅಂದಿದ್ದಕ್ಕೆ.

ಹೊಟ್ಟೆ ಉರಿ ಇನ್ನೂ ಆರಿಲ್ಲ. ಮನೆಯಲ್ಲಿ ಇದನ್ನೇ ಹೇಳಿ ಹೇಳಿ ಎಲ್ಲರೂ ಎದ್ದು ಹೋಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಶಿರಸಿಯಿಂದ 18 ಕಿಲೋಮೀಟರ್, ಯಾಣದ ದಿಕ್ಕಿಗೆ. ನಾಲ್ಕು ಮನೆ, ಕೆಳಗೆ ಅಡಿಕೆ ತೋಟ, ಒಂದು ಹಳ್ಳ, ಸುತ್ತ ಸೊಪ್ಪಿನ ಬೆಟ್ಟ. ಸಿಗ್ನಲ್ ಅನ್ನೋದು ನಮ್ಮಲ್ಲಿ ಮನೆಯೊಳಗೆ ಸಿಗುವ ವಸ್ತುವೇ ಅಲ್ಲ. ಕೊಟ್ಟಿಗೆ ಹಿಂದಿನ ದರೆ ಹತ್ತಬೇಕು. ಅಲ್ಲಿ ಹಳೇ ಗೇರು ಮರದ ಬುಡದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತರೆ ಎರಡು ಕಡ್ಡಿ ಬರುತ್ತದೆ. 2020ರ ಲಾಕ್‌ಡೌನ್‌ನಲ್ಲಿ ನಮ್ಮೂರ ಮಕ್ಕಳು ಆನ್‌ಲೈನ್ ಕ್ಲಾಸ್ ಕೇಳಿದ್ದೂ ಅಂಥ ಜಾಗಗಳಲ್ಲೇ, ಗುಡ್ಡದ ಮೇಲೆ ಕೊಡೆ ಹಿಡಿದುಕೊಂಡು. ಆಮೇಲೆ ಎದುರಿನ ಗುಡ್ಡದಲ್ಲಿ ಹೊಸ ಟವರ್ ಬಂತು. ಊರಿಗೆ ಊರೇ ಖುಷಿ.

ಕಳೆದ ಫೆಬ್ರವರಿಯಲ್ಲಿ ಮಗಳ ಫೋನ್ ನೀರಿಗೆ ಬಿದ್ದು ಹಾಳಾಯಿತು. ಅವಳು ಧಾರವಾಡದಲ್ಲಿ ಓದುತ್ತಾಳೆ. ಫೋನ್ ಕೊಡಿಸಲು ಶಿರಸಿಗೆ ಹೋದೆ. ಅಂಗಡಿ ಹುಡುಗ ಭಾರೀ ಚುರುಕು. "ಸರ್, ನಮ್ಮ ಪೋಸ್ಟ್‌ಪೇಡ್ ಫ್ಯಾಮಿಲಿ ಪ್ಲಾನ್ ತಗೊಳ್ಳಿ. ಒಂದೇ ಬಿಲ್, ಮೂರು ಸಿಮ್. ಫೋನಿಗೆ ಮೂರು ಸಾವಿರ ಕಡಿಮೆ ಆಗ್ತದೆ. ಒಂದು ವರ್ಷ ಇಟ್ಕೊಂಡ್ರೆ ಆಯ್ತು" ಅಂದ. ನಾನು ಕೇಳಿದ್ದು ಒಂದೇ ಪ್ರಶ್ನೆ: ನಮ್ಮೂರಲ್ಲಿ ಬರ್ತದಾ? ಅವನು ತನ್ನ ಟ್ಯಾಬ್‌ನಲ್ಲಿ ನಕ್ಷೆ ತೆಗೆದ. ನಮ್ಮೂರ ಮೇಲೆ ಚಂದದ ಬಣ್ಣ ಬಳಿದಿತ್ತು. ನಮ್ಮ ತೋಟ, ಹಳ್ಳ, ಪಕ್ಕದ ಕಾನು, ಎಲ್ಲಾ ಒಂದೇ ಬಣ್ಣ. "ನೋಡಿ ಸರ್, ಫುಲ್ ಇದೆ."

ಬೆರಳಿನಲ್ಲಿ ಗೀಚಿ ಸಹಿ ಹಾಕಿದೆ. ಷರತ್ತು ಎಲ್ಲಿ ಅಂದರೆ ಮೇಲ್‌ಗೆ ಬರ್ತದೆ ಅಂದ. ಬಂತೋ ಏನೋ. ಓದದೇ ಸಹಿ ಹಾಕಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಅಡಿಕೆ ಮಾರುವಾಗ ಒಂದು ಕೆಜಿ ತೂಕಕ್ಕೆ ಹತ್ತು ಸಲ ಕಣ್ಣು ಹಾಯಿಸುವ ನಾನು ಇಲ್ಲಿ ಮಾತ್ರ ಮಂಕಾದೆ. ಮೂರು ಸಾವಿರದ ಆಸೆ.

ತಿಂಗಳಿಗೆ 799. ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 942 ರೂಪಾಯಿ 82 ಪೈಸೆ. ಮೇ ತಿಂಗಳ ತನಕ ತಕರಾರೇ ಇಲ್ಲ. ಸುಳ್ಳು ಯಾಕೆ ಹೇಳಲಿ, ಜಗಲಿಯಲ್ಲಿ ಕೂತು ವಿಡಿಯೋ ಕಾಲ್ ಮಾಡಿದ್ದೇವೆ.

ಜೂನ್ ಬಂತು. ನಮ್ಮ ಕಡೆಯ ಮಳೆ ಗೊತ್ತಲ್ಲ. ಮರ ಬೀಳುತ್ತದೆ, ಲೈನ್ ಹರಿಯುತ್ತದೆ, ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಟವರ್ ಬ್ಯಾಟರಿ ಮೇಲೆ ನಡೆಯುತ್ತದೆ. ಬ್ಯಾಟರಿ ಮುಗಿದರೆ ಜನರೇಟರ್. ಜನರೇಟರ್‌ಗೆ ಡೀಸೆಲ್ ಬೇಕು, ಡೀಸೆಲ್ ಹೊತ್ತು ತರಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಯಾರು ಅಂತ ಇವತ್ತಿಗೂ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದರೆ, ಟವರ್ ನಮ್ಮದಲ್ಲ, ಅದು ಬೇರೆ ಕಂಪನಿಯದ್ದು, ನಾವು ಬಾಡಿಗೆಗೆ ಇದ್ದೇವೆ ಅನ್ನುತ್ತಾರೆ. ಇರಬಹುದು. ಬಿಲ್ ಮಾತ್ರ ಇವರೇ ಕಳಿಸುವುದು, ಅಲ್ವಾ?

ಜುಲೈನಲ್ಲಿ ಒಂಬತ್ತು ದಿನ ಟವರ್ ಪೂರ್ತಿ ಸತ್ತಿತ್ತು. ಗೇರು ಮರದ ಬುಡದಲ್ಲೂ ಇಲ್ಲ. ದರೆ ಹತ್ತಿ ಇಳಿದು ಬಂದರೆ ಕಾಲಿಗೆ ಉಂಬಳ, ಅಷ್ಟೇ ಲಾಭ.

ಆ ಒಂಬತ್ತು ದಿನದಲ್ಲಿ ಏನೇನಾಯಿತು ಕೇಳಿ. ಮಗಳು ಎರಡು ದಿನ ಫೋನ್ ಮಾಡಿ ಮಾಡಿ ಸಿಗದೆ ಹೆದರಿ, ಶಿರಸಿಯಲ್ಲಿರುವ ತನ್ನ ಸೋದರಮಾವನಿಗೆ ಹೇಳಿದಳು. ಅವರು ಪಾಪ ಸುರಿಯುವ ಮಳೆಯಲ್ಲಿ ಬೈಕ್ ಹತ್ತಿ, ತೊಯ್ದು ತೊಪ್ಪೆಯಾಗಿ ಬಂದರು. ನಾವು ಜಗಲಿಯಲ್ಲಿ ಕೂತು ಹಪ್ಪಳ ತಿನ್ನುತ್ತಾ ಇದ್ದೆವು. ಅವರ ಮುಖ ನೋಡಬೇಕಿತ್ತು.

ಅದಾದರೂ ಹೋಗಲಿ, ನಗಬಹುದು. ನಗಲಾಗದ್ದು ಕೊನೆಗೌಡನ, ಅಂದರೆ ಅಡಿಕೆ ಮರ ಹತ್ತುವವನ ಕಥೆ. ಅಡಿಕೆಗೆ ಕೊಳೆರೋಗದ ಮದ್ದು ಹೊಡೆಸಬೇಕು ಅಂದರೆ ಎರಡು ಮಳೆಯ ನಡುವೆ ಸಿಗುವ ಹೊಳವು ನೋಡಿಕೊಂಡೇ ಹೊಡೆಸಬೇಕು. ಒಂದು ದಿನ ಸಿಗುತ್ತದೆ, ಜಾಸ್ತಿ ಅಂದರೆ ಎರಡು ದಿನ. ಮೈಲುತುತ್ತ, ಸುಣ್ಣ ಎಲ್ಲಾ ತಂದಿಟ್ಟು ಕಾಯುತ್ತಿದ್ದೆ. ಮರ ಹತ್ತುವವರು ನಮ್ಮ ಸೀಮೆಯಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಆ ವಾರ ಒಂದು ದಿನ ಹೊಳವಾಯಿತು. ನಮ್ಮ ಕೊನೆಗೌಡ ಬೆಳಿಗ್ಗೆ ಆರೂವರೆಗೆ ನನಗೆ ಫೋನ್ ಮಾಡಿದ್ದಾನೆ. ನಾಲ್ಕು ಸಲ. ಪ್ರತಿ ಸಲವೂ "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ" ಅಂದಿದೆ. ನಾನು ನನ್ನ ಮನೆ ಅಂಗಳದಲ್ಲೇ ಇದ್ದೆ ಮಾರಾಯ್ರೇ! ಹೊರಗೆ ಹೋಗಿದ್ದು ಅವರ ವ್ಯಾಪ್ತಿ. ಅವನು ಬೇರೆಯವರ ತೋಟಕ್ಕೆ ಹೋದ. ಅವನದ್ದೇನು ತಪ್ಪು? ಮರುದಿನ ಮತ್ತೆ ಮಳೆ ಹಿಡಿಯಿತು. ಮದ್ದು ಹೊಡೆಸಿದ್ದು ಹನ್ನೊಂದು ದಿನ ತಡವಾಗಿ. ಅಷ್ಟು ಹೊತ್ತಿಗೆ ಹಳ್ಳದ ಬದಿಯ ಮರಗಳ ಬುಡದಲ್ಲಿ ಹಸಿರು ಕಾಯಿ ಉದುರಿ ಬಿದ್ದಿತ್ತು. ಅದರ ಬಿಲ್ ಯಾರಿಗೆ ಕಳಿಸಲಿ?

ಆವತ್ತೇ ತೀರ್ಮಾನ ಮಾಡಿದೆ, ಇವರನ್ನು ಬಿಡಬೇಕು ಅಂತ. ಪಕ್ಕದ ಮನೆಯವರ ಸಿಮ್ ಬೇರೆ ಕಂಪನಿಯದ್ದು. ಅದು ಕುಂಟುತ್ತಾ ಆದರೂ ಬರುತ್ತಿತ್ತು.

ಬಿಡೋದು ಸುಲಭ ಅಂದುಕೊಂಡಿದ್ದೆ. ನಂಬರ್ ಹಾಗೇ ಇಟ್ಟುಕೊಂಡು ಕಂಪನಿ ಬದಲಿಸುವ ಸೌಲಭ್ಯ ಇಡೀ ದೇಶಕ್ಕೆ ಬಂದಿದ್ದು 2011ರ ಜನವರಿ 20ಕ್ಕೆ. ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಎಂಟು ಅಕ್ಷರದ ಒಂದು ಕೋಡ್ ಬರುತ್ತದೆ. ಅದನ್ನು ಹಿಡಿದು ಹೊಸ ಕಂಪನಿಗೆ ಹೋದರೆ ಮೂರು ಕೆಲಸದ ದಿನದಲ್ಲಿ ಬದಲಾಗುತ್ತದೆ. 90 ದಿನ ಆಗಿರಬೇಕು, ಆಗಿತ್ತು. ಬಿಲ್ ಬಾಕಿ ಇರಬಾರದು, ಇರಲಿಲ್ಲ. ದರೆ ಮೇಲೆ ನಿಂತು ಮೆಸೇಜ್ ಕಳಿಸಿದೆ. ಕೋಡ್ ಬರಲಿಲ್ಲ. ಒಪ್ಪಂದದ ಬಾಧ್ಯತೆ ಬಾಕಿ ಇದೆ, ಆಗೋದಿಲ್ಲ ಅಂತ ಬಂತು.

ಒಪ್ಪಂದ! ಆ ಶಬ್ದ ಓದಿ ರಕ್ತ ಕುದಿಯಿತು.

ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದೆ. ಆಕೆ ಕೇಳಿದ ಮೊದಲ ಪ್ರಶ್ನೆ, "ಸರ್, ನೀವು ಈಗ ಯಾವ ನಂಬರಿನಿಂದ ಮಾತಾಡ್ತಾ ಇದ್ದೀರಿ?" ಇದೇ ನಂಬರಿನಿಂದ ಅಂದೆ. "ಹಾಗಾದರೆ ನೆಟ್‌ವರ್ಕ್ ಇದೆಯಲ್ಲ ಸರ್?" ನಾನು ಮಳೆಯಲ್ಲಿ ಕೊಡೆ ಹಿಡಿದು ಗೇರು ಮರದ ಬುಡದಲ್ಲಿ ನಿಂತಿದ್ದೇನೆ ತಾಯಿ ಅಂತ ಹೇಗೆ ಹೇಳಲಿ? ಹೇಳಿದೆ. "ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ ಸರ್." ಅಷ್ಟರಲ್ಲಿ ಕಟ್ ಆಯಿತು. ನಾನು ಆಫ್ ಮಾಡಿದ್ದಲ್ಲ.

ಮೂರನೇ ಸಲಕ್ಕೆ ವಿಷಯ ಪೂರ್ತಿ ಹೊರಬಿತ್ತು. ವರ್ಷ ತುಂಬಲು ಏಳು ತಿಂಗಳು ಬಾಕಿ. ಒಂದೋ ಏಳು ತಿಂಗಳು ಬಿಲ್ ಕಟ್ಟುತ್ತಾ ಇರಿ, ಹತ್ತಿರಹತ್ತಿರ 6,600 ಆಗುತ್ತದೆ. ಇಲ್ಲವೋ ಫೋನಿಗೆ ಕೊಟ್ಟ ರಿಯಾಯಿತಿ 3,000 ವಾಪಸ್ ಕೊಡಿ, ಮೇಲೆ ಜಿಎಸ್‌ಟಿ 540. ಐದು ತಿಂಗಳು ಕಟ್ಟಿದ್ದು? ಅದು ಲೆಕ್ಕಕ್ಕಿಲ್ಲ. ಹನ್ನೊಂದು ತಿಂಗಳು ಕಟ್ಟಿ ಬಿಟ್ಟರೂ ಪೂರ್ತಿ ಮೂರು ಸಾವಿರವೇ ಅಂತೆ. ಸಾಲ ಆದರೂ ಕಟ್ಟಿದಷ್ಟು ಇಳಿಯುತ್ತದೆ.

"ಒಂಬತ್ತು ದಿನ ನೀವು ಸೇವೆ ಕೊಟ್ಟಿಲ್ಲ, ಒಪ್ಪಂದ ಮುರಿದಿದ್ದು ನೀವಲ್ವಾ?" ಅಂತ ಕೇಳಿದೆ. "ಸರ್, ಅದಕ್ಕೆ ಬೇರೆ ದೂರು ಕೊಡಬೇಕು" ಅಂದಳು. ಕೊಟ್ಟೆ. ದೂರಿನ ನಂಬರ್ ಬಂತು. ಎರಡು ದಿನ ಬಿಟ್ಟು ಕುಮಟಾಕ್ಕೆ ಒಂದು ಮದುವೆಗೆ ಹೋಗಿದ್ದೆ. ದೇವಿಮನೆ ಘಟ್ಟ ಇಳಿದು ಸಿಗ್ನಲ್ ಬಂದ ಕೂಡಲೇ ಟಣ್ ಟಣ್ ಅಂತ ಮೆಸೇಜ್. "ನಿಮ್ಮ ದೂರು ಪರಿಹಾರವಾಗಿದೆ. ನಮ್ಮ ಸೇವೆಗೆ ಅಂಕ ಕೊಡಿ." ಊಟದ ಎಲೆ ಮುಂದೆ ಕೂತು ಹಲ್ಲು ಕಡಿದೆ.

ಆಮೇಲೆ ನಿಯಮ ಓದಲು ಕೂತೆ. ಮಾವಿನ ಮಿಡಿ ಉಪ್ಪಿನಕಾಯಿ ಹಾಕುವಷ್ಟು ತಾಳ್ಮೆಯಿಂದ ಓದಿದ್ದೇನೆ. 2024ರಲ್ಲಿ ಟ್ರಾಯ್, ಅಂದರೆ ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರದ ಪ್ರಾಧಿಕಾರ, ಒಂದು ಹೊಸ ನಿಯಮ ತಂದಿದೆ. ದೊಡ್ಡ ಮಟ್ಟದಲ್ಲಿ ನೆಟ್‌ವರ್ಕ್ ನಿಂತು 24 ಗಂಟೆ ಮೀರಿದರೆ ಪೋಸ್ಟ್‌ಪೇಡ್‌ನವರಿಗೆ ಅಷ್ಟು ದಿನದ ಬಾಡಿಗೆ ಬಿಲ್‌ನಲ್ಲಿ ಕಡಿತ ಮಾಡಬೇಕು. ಆಹಾ ಅನ್ನಿಸಿತು. ಮುಂದೆ ಓದಿದರೆ ಲೆಕ್ಕ ಜಿಲ್ಲೆಯದ್ದು. ನಮ್ಮ ಜಿಲ್ಲೆ ಎಂಥದ್ದು? ಕಾರವಾರದ ಕಡಲಿನಿಂದ ಮುಂಡಗೋಡದ ಗದ್ದೆ ತನಕ, ಭಟ್ಕಳದಿಂದ ಜೋಯಿಡಾದ ಕಾಡಿನ ತನಕ, 12 ತಾಲೂಕು. ಅದರಲ್ಲಿ ಒಂದು ಗುಡ್ಡದ ಒಂದು ಟವರ್ ಒಂಬತ್ತು ದಿನ ಮಲಗಿದರೆ ಜಿಲ್ಲೆಗೇನು ಲೆಕ್ಕ? ಜೊತೆಗೆ ಪ್ರಕೃತಿ ವಿಕೋಪ ಆದರೆ ಅದೂ ಇಲ್ಲ. ಶಿರಸಿಯಲ್ಲಿ ಜುಲೈ ಮಳೆ ವಿಕೋಪವಾ? ಹಾಗಾದರೆ ನಾವು ಹುಟ್ಟಿದಾಗಿಂದ ವಿಕೋಪದಲ್ಲೇ ಇದ್ದೇವೆ.

ಟ್ರಾಯ್‌ಗೇ ಬರೆಯೋಣ ಅಂದರೆ ಅದು ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ಕಂಪನಿಯೊಳಗೇ ಮೇಲ್ಮನವಿ ಹಾಕಬೇಕು, ಅದನ್ನು ತೀರ್ಮಾನಿಸಲು ಅವರಿಗೆ 39 ದಿನ. ಅಷ್ಟರಲ್ಲಿ ಇನ್ನೊಂದು ಬಿಲ್. ಗ್ರಾಹಕರ ಆಯೋಗಕ್ಕೆ ಹೋಗಬಹುದು. ಮೊಬೈಲ್ ಕಂಪನಿಗಳ ಮೇಲಿನ ದೂರು ಅಲ್ಲಿ ನಡೆಯುತ್ತದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಐದು ಲಕ್ಷದ ಒಳಗಿನದಕ್ಕೆ ಶುಲ್ಕವೂ ಇಲ್ಲ. ಆದರೆ ಆಯೋಗ ಇರುವುದು ಕಾರವಾರದಲ್ಲಿ. ನಮ್ಮಲ್ಲಿಂದ ನೂರು ಕಿಲೋಮೀಟರ್ ಮೇಲೆ, ಘಟ್ಟ ಇಳಿದು, ಒಂದು ದಿನ ಪೂರ್ತಿ. ವಾಯಿದೆ ಬಿದ್ದರೆ ಮತ್ತೊಂದು ದಿನ. ಆನ್‌ಲೈನ್‌ನಲ್ಲೂ ದೂರು ಹಾಕಬಹುದು, ಹೌದು. ಅದಕ್ಕೆ ನೆಟ್‌ವರ್ಕ್ ಬೇಕು, ಓಟಿಪಿ ಬರಬೇಕು. ಓಟಿಪಿ ಬರುವಂತಿದ್ದರೆ ನಾನು ದೂರು ಯಾಕೆ ಕೊಡುತ್ತಿದ್ದೆ?

ಸಿಟ್ಟಿನಲ್ಲಿ ಹೋಗೇ ಬಿಡ್ತೀನಿ ಅಂತ ಕಾಗದ ಪತ್ರ ಜೋಡಿಸಿದ್ದೆ. ಹೆಂಡತಿ ನೋಡಿದಳು. "ಕೊಟ್ ಬಿಡಿ ಅತ್ಲಾಗೆ. ಎರಡನೇ ಮದ್ದು ಹೊಡ್ಸ ಕೆಲ್ಸ ಇದ್ದು" ಅಂದಳು. ಅವಳು ಹೇಳಿದ್ದು ಸರಿ. ಅವರಿಗೂ ಅದು ಗೊತ್ತು. ಮೂರೂವರೆ ಸಾವಿರಕ್ಕೆ ಯಾರೂ ತೋಟ ಬಿಟ್ಟು ಕಾರವಾರಕ್ಕೆ ಓಡಾಡುವುದಿಲ್ಲ ಅಂತ ಲೆಕ್ಕ ಹಾಕಿಯೇ ಆ ಮೊತ್ತ ಇಟ್ಟಿದ್ದಾರೆ ಅನ್ನಿಸುತ್ತದೆ. ಒಂದು ಕಂಪನಿಯಿಂದ ಇನ್ನೊಂದಕ್ಕೆ ನಂಬರ್ ದಾಟಿಸಲು ಟ್ರಾಯ್ ಇಟ್ಟಿರುವ ಶುಲ್ಕ 6 ರೂಪಾಯಿ 46 ಪೈಸೆ. ನಾನು ತೆತ್ತಿದ್ದು 3,540.

ದುಡ್ಡು ಕಟ್ಟಿದ ಮೇಲೂ ಎರಡು ದಿನ "ಸಿಸ್ಟಮ್‌ನಲ್ಲಿ ಅಪ್‌ಡೇಟ್ ಆಗಬೇಕು" ಅಂದರು. ಕಟ್ಟದೇ ಇದ್ದರೆ ಎರಡು ಗಂಟೆಗೆ ಗೊತ್ತಾಗುವ ಸಿಸ್ಟಮ್ ಅದು. ಕೊನೆಗೆ ಕೋಡ್ ಬಂತು. ನಾಲ್ಕೇ ದಿನ ಅದರ ಆಯಸ್ಸು, ಮಾರನೇ ದಿನವೇ ಶಿರಸಿಗೆ ಓಡಿದೆ. ಮೂರೂ ನಂಬರ್ ಬೇರೆ ಕಂಪನಿಗೆ ಹೋದವು. ಈಗ ಪ್ರೀಪೇಡ್. ಹೊಸಬರು ಪೋಸ್ಟ್‌ಪೇಡ್ ಬೇಕಾ ಅಂತ ಕೇಳಿದರು. ನಾನು ಏನಂದೆ ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಹೊಸದು ಸ್ವರ್ಗ ಏನಲ್ಲ. ಜಗಲಿಯಲ್ಲಿ ಒಂದು ಕಡ್ಡಿ, ಅಂಗಳದಲ್ಲಿ ಎರಡು.

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಕವಳ ಹಾಕುತ್ತಾ ಜಗಲಿಯಲ್ಲಿ ಕೂತಿದ್ದೆ. ಫೋನ್ ಬಂತು. ಹಳೇ ಕಂಪನಿಯವರು. "ಸರ್, ನೀವು ನಮ್ಮನ್ನು ಯಾಕೆ ಬಿಟ್ಟಿರಿ? ವಾಪಸ್ ಬಂದರೆ ವಿಶೇಷ ಆಫರ್ ಇದೆ, ಒಂದು ವರ್ಷಕ್ಕೆ..."

ಒಂದೊಂದು ಶಬ್ದವೂ ಸ್ಪಷ್ಟವಾಗಿ ಕೇಳಿಸಿತು. ನಾನೇ ಕಟ್ ಮಾಡಿದೆ.