ಲೀಫ್ ಪ್ಲೇಟ್ ಹಾಕಿಸಿದರೆ ಕುಣಿತ ನಿಲ್ಲುವುದಿಲ್ಲ: ಕ್ಯಾಂಪರ್ ಪಿಕಪ್ ಬಗ್ಗೆ ಸ್ಪಷ್ಟನೆ

ಹುಬ್ಬಳ್ಳಿ-ಧಾರವಾಡದ ಪಿಕಪ್ ಮಾಲೀಕರ ನಡುವೆ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಪಿಕಪ್ ಹಿಂಭಾಗದಲ್ಲಿ ಕ್ಯಾಂಪರ್ (ಪ್ರವಾಸದಲ್ಲಿ ಉಳಿಯಲು ಬಳಸುವ ಪುಟ್ಟ ಕೋಣೆ) ಕೂರಿಸಿದ ಮೇಲೆ ಗಾಡಿ ಕುಣಿದರೆ ಹಿಂದೆ ಎರಡು ಲೀಫ್ ಪ್ಲೇಟ್ (ಸ್ಪ್ರಿಂಗಿನ ಉಕ್ಕಿನ ಪಟ್ಟಿ) ಹಾಕಿಸಿ, ಟೈರಿನ ಗಾಳಿ ಇಳಿಸಿ, ಸಾಕು ಅಂತ. ಇದು ಸರಿಯಲ್ಲ.

ಪ್ಲೇಟು ಭಾರ ಹೊರುತ್ತದೆ, ಅಷ್ಟೇ. ಹಿಂಭಾಗ ಕುಸಿದಿದ್ದರೆ ಅದರಿಂದ ಉಪಯೋಗವಿದೆ. ಆದರೆ ಹಂಪ್ ದಾಟಿದ ಮೇಲೂ ಗಾಡಿ ಮೇಲೆ ಕೆಳಗೆ ಆಡುತ್ತಲೇ ಇದ್ದರೆ ಮೊದಲು ನೋಡಬೇಕಾದ್ದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ಹಾದು ಸ್ಪ್ರಿಂಗಿನ ಆಟವನ್ನು ತಡೆಯುತ್ತದೆ. ಎಣ್ಣೆ ಸೋರಿದ್ದರೆ ಆ ತಡೆಯೇ ಇರುವುದಿಲ್ಲ. ಸ್ಪ್ರಿಂಗ್ ಗಟ್ಟಿ ಮಾಡಿ ಹಳೇ ಶಾಕ್ ಅಬ್ಸಾರ್ಬರ್ ಹಾಗೇ ಬಿಟ್ಟರೆ ಕುಣಿತ ಜಾಸ್ತಿಯೂ ಆಗಬಹುದು. ಬದಲಿಸುವಾಗ ಎಡ-ಬಲ ಎರಡನ್ನೂ ಬದಲಿಸಿ. ಪಕ್ಕಕ್ಕೆ ಓಲಾಡುವುದು ಬೇರೆ ವಿಷಯ, ಅದಕ್ಕೆ ಆಂಟಿ-ರೋಲ್ ಬಾರ್ (ಎಡ-ಬಲ ಬದಿಗಳನ್ನು ಜೋಡಿಸಿ ಓಲಾಟ ತಡೆಯುವ ಉಕ್ಕಿನ ಸರಳು) ಬೇಕು.

ಗಾಳಿ ಇಳಿಸುವುದಂತೂ ಅಪಾಯ. ಭಾರ ಹೊತ್ತ ಟೈರಿನಲ್ಲಿ ಗಾಳಿ ಕಡಿಮೆಯಾದರೆ ಅದರ ಪಕ್ಕಗಳು ಮಡಚಿ, ಬಿಸಿಯಾಗಿ, ಸಿಡಿಯಬಹುದು. ಏಪ್ರಿಲ್ ಬಿಸಿಲಲ್ಲಿ ಗದಗ ರಸ್ತೆ ಹಿಡಿಯುವವರು ದಯವಿಟ್ಟು ಇದನ್ನು ಮಾಡಬೇಡಿ.

ನೀರಿನ ಟ್ಯಾಂಕ್ ಎಲ್ಲಿದೆ ಅಂತಲೂ ನೋಡಿ. 100 ಲೀಟರ್ ನೀರು ಅಂದ್ರೆ 100 ಕೆಜಿ. ಅದು ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ದಾಟಿ ಇನ್ನೂ ಹಿಂದೆ ಕೂತರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಹಿಡಿತ ಕಡಿಮೆಯಾಗುತ್ತದೆ. ಇನ್ನೊಂದು ಮಾತು: ಪ್ಲೇಟು ಹಾಕಿಸಿದ ಮಾತ್ರಕ್ಕೆ ಆರ್‌ಸಿಯಲ್ಲಿರುವ ತೂಕದ ಮಿತಿ ಏರುವುದಿಲ್ಲ. ನೀರು, ಸಾಮಾನು ಎಲ್ಲಾ ತುಂಬಿಸಿ ಒಮ್ಮೆ ವೇ ಬ್ರಿಜ್ ಮೇಲೆ ತೂಗಿಸಿ.